ಬೀಜ ಇನ್ನೂ ಗಾಳಿಯಲ್ಲಿದ್ದಾಗ

ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ತಾಂಡವಪುರದ ನಮ್ಮ ಮನೆಯ ಜಗಲಿ ತುಂಬಾ ಹುಣಸೆಹಣ್ಣಿನ ಹುಳಿ ವಾಸನೆ. ಅಜ್ಜಿ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನಾವು ಆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿ, ಚೌಕಾಬಾರ ಆಡಲು ಕೂರುತ್ತಿದ್ದೆವು. ನೀವೂ ಆಡಿರುತ್ತೀರಿ. ಆ ವಾಸನೆ ನೆನೆದರೆ ನಿಮಗೆ ಬಾಯಲ್ಲಿ ನೀರೂರುತ್ತದೇನೋ, ನನಗೆ ಮಾತ್ರ ಮೈ ಉರಿಯುತ್ತದೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಅಪ್ಪನ ತಂಗಿ ಭಾಗ್ಯತ್ತೆ ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದಳು. ಜಾಗವೂ ಕಾಲವೂ ಒಂದೇ ಬಟ್ಟೆಯ ಹಾಸುಹೊಕ್ಕು ಎನ್ನುವ ಗಣಿತ ಒಂದಿದೆಯಂತೆ. ಅಣುವಿಗಿಂತ ಚಿಕ್ಕ ಕಣವನ್ನು ಅಳೆದಾಗ ಏನಾಗುತ್ತದೆ ಎನ್ನುವ ಗಣಿತ ಇನ್ನೊಂದಂತೆ. ಎರಡಕ್ಕೂ ಇನ್ನೂ ಕೂಡಿಬಂದಿಲ್ಲ, ನಾನು ಅದರ ಮೇಲೇ ರಿಸರ್ಚ್ ಮಾಡ್ತೀನಿ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ಕಾಯಿ ಹಣ್ಣಾಗಲು ಬಾರ ಬೀಳಬೇಕಿತ್ತು, ಅಂದರೆ ನಾಲ್ಕೂ ಬೀಜ ಕಪ್ಪು. ಮುಷ್ಟಿಯಲ್ಲಿ ಕುಲುಕುತ್ತಲೇ ಇದ್ದೆ.

"ಕುಲುಕಿದ್ರೇನ್ ಬಂತು ಮಗಾ? ಏನ್ ಬೀಳ್ಬೇಕು ಅಂತ ಆಗ್ಲೇ ಬರ್ದಾಗದೆ. ಎಲ್ಲಾ ಅಣೆಬರ," ಅಂದಳು ಅಜ್ಜಿ.

"ಬೀಜದ್ ಮಾತು ಬುಡವ್ವ, ಎಸೆದ ಕೈ ಲೆಕ್ಕ ಸಿಕ್ಕಿದ್ರೆ ಅದ್ನ ಮುಂಚೇನೇ ಯೋಳ್ಬೋದು," ಅಂದಳು ಅತ್ತೆ. "ಕಣ್ಣಿಗೆ ಕಾಣ್ದಿರೋ ಕಣ ಅವೆ ನೋಡು, ಅಳೆಯೋವರ್ಗೂ ಅವು ಕಪ್ಪೂ ಅಲ್ಲ, ಬಿಳೀನೂ ಅಲ್ಲ. ಎಲ್ಲಾ ಮೊದ್ಲೇ ಬರ್ದು ಮಡಗವ್ರೆ ಅಂದ್ರೆ ಲೆಕ್ಕ ಸಲೀಸಾಗಿ ತಾಳೆ ಆಗಕಿಲ್ಲ."

"ದೇವ್ರೂ ಬರ್ದಿಲ್ವಾ?" ಅಜ್ಜಿ ಕೇಳಿದಳು.

"ಇಲ್ಲ ಕಣವ್ವ."

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನಾನು ಎಸೆದೆ, ಬಾರವೇ ಬಿತ್ತು. ಅತ್ತೆ ನನಗಿಂತ ಜೋರಾಗಿ ಕುಣಿದಳು.

ಅದಾದ ಸ್ವಲ್ಪ ದಿನಕ್ಕೆ ಯೂನಿವರ್ಸಿಟಿಯಿಂದ ರಿಸರ್ಚ್ ಸೀಟಿನ ಇಂಟರ್‌ವ್ಯೂಗೆ ಕರೆ ಬಂತು, ಸೋಮವಾರ ಬೆಳಿಗ್ಗೆ ಬರಬೇಕೆಂದು. ಅಪ್ಪ ಅದು ಗೊತ್ತಿದ್ದೂ ಅದೇ ಸೋಮವಾರ ಹೆಣ್ಣು ನೋಡಲು ಬನ್ನಿ ಎಂದು ತಿ. ನರಸೀಪುರದ ಗಂಡಿನವರಿಗೆ ಹೇಳಿ ಬಂದ.

"ಅಣ್ಣ, ಅವತ್ತೊಂದಿನ ಬುಟ್ಟು ಯಾವತ್ತಾರ ಬರ್ಲಿ," ಅತ್ತೆ ಬೇಡಿಕೊಂಡಳು.

"ಅವ್ರು ಒಳ್ಳೆ ದಿನ ನೋಡವ್ರೆ. ಒಂದೇ ಒತ್ತಲ್ಲಿ ಎರಡ್ ಕಡೆ ಇರಕಾಯ್ತದಾ?"

"ಇರ್ಬೋದು ಕಣಣ್ಣ, ಆ ಕಣಗಳಂಗೆ, ಯಾರೂ ನೋಡಕ್ ಬರ್ದೆ ಇದ್ರೆ."

ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಇರಾದೆಯೂ ಅವನಿಗಿರಲಿಲ್ಲ.

ಸೋಮವಾರ ಮೈಸೂರಿನ ಬಸ್ಸು ಹಾರನ್ ಹೊಡೆದು ಹೋಗುವಾಗ ಅತ್ತೆ ನಮ್ಮವ್ವನ ಸೀರೆ ಉಟ್ಟು, ಕೇಸರಿಬಾತನ್ನು ತಟ್ಟೆಗಳಿಗೆ ಹಾಕುತ್ತಿದ್ದಳು. ಗಂಡಿನ ತಾಯಿ ಅವಳನ್ನು ನಡೆಸಿದರು, ಪಕ್ಕದಲ್ಲಿ ನಿಲ್ಲಿಸಿಕೊಂಡು ತಮ್ಮ ಭುಜಕ್ಕೆ ಎತ್ತರ ಅಳೆದರು. ಏನು ಓದಿದ್ದಾಳೆ ಎಂದು ಕೇಳಿದ್ದಕ್ಕೆ ಅಪ್ಪ, "ಏನೋ ಲೆಕ್ಕ," ಅಂದ. ಅತ್ತೆ ನೆಲ ನೋಡುತ್ತಿದ್ದಳು. ನನಗೆ ಆ ತಟ್ಟೆಗಳನ್ನೆಲ್ಲ ಒದೆಯಬೇಕೆನ್ನಿಸಿತು.

ವಾರ ಕಳೆದು ಸುದ್ದಿ ಬಂತು: ಹುಡುಗಿ ಓದು ಜಾಸ್ತಿಯಾಯಿತು, ಬೇಡ. ತಿಂದ ಕೇಸರಿಬಾತಿಗಾದರೂ ಮರ್ಯಾದೆ ಬೇಡವೇ? ಅಷ್ಟರಲ್ಲಿ ಯೂನಿವರ್ಸಿಟಿಯ ಸೀಟೂ ತುಂಬಿತ್ತು. "ಅವ್ಳ ಅಣೇಲಿ ಬರ್ದಿರ್ಲಿಲ್ಲ ಬುಡು," ಎಂದು ಅಜ್ಜಿ ಹುಣಸೆ ಕುಟ್ಟಿದಳು. ಅತ್ತೆ ವಾದ ಮಾಡಲಿಲ್ಲ. ಆಮೇಲೆ ಅವಳು ಚೌಕಾಬಾರಕ್ಕೂ ಕೂರಲಿಲ್ಲ. ಮುಂದಿನ ಬೇಸಿಗೆಯೊಳಗೆ ಇನ್ನೊಂದು ಗಂಡಿಗೆ ಕೊಟ್ಟು ಕೈ ತೊಳೆದುಕೊಂಡರು.

ಈಗ ಅವಳು ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಬಂದ ಡಬ್ಬಗಳನ್ನು ಎಣಿಸಿ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುತ್ತಾಳೆ. ಮೊನ್ನೆ ನನ್ನ ಮಗ ಮೊಬೈಲಿನಲ್ಲಿ ಕ್ವಾಂಟಂ ವಿಡಿಯೋ ನೋಡುತ್ತಿದ್ದ. ಅಪ್ಪ ಇಣುಕಿ, ನನ್ನ ಕಡೆ ತಿರುಗಿ, "ನಿಮ್ಮತ್ತೇನೂ ಇಂತದ್ನೇ ಓದ್ತಿದ್ಲು. ಏನ್ಮಾಡದು, ಅಣೆಬರ," ಅಂದ.

"ಅಣೆಬರ ಅನ್ಬೇಡ ಕಣಪ್ಪ. ಯಾರೂ ಏನೂ ಬರ್ದಿರ್ಲಿಲ್ಲ. ಬೀಜ ಇನ್ನೂ ಗಾಳೀಲಿತ್ತು. ನೀನು ಇಡ್ಕಂಡು ನಿಂಗೆ ಬೇಕಾದ್ ಮಗ್ಗುಲಿಗೆ ನೆಲಕ್ ಮಡಗ್ದೆ," ಅಂದೆ.

ಅಪ್ಪ ಕಾಫಿ ಕೇಳಿದ.

ಜಗಲಿ ಒಡೆಸಿ ಗ್ರಿಲ್ ಹಾಕಿಸಿದ್ದೇವೆ. ಹುಣಸೆಹಣ್ಣು ಬೀಜ ತೆಗೆದು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅವು ಹೋದದ್ದಕ್ಕೆ ನನಗೆ ಅಂಥ ದುಃಖವಿಲ್ಲ. ಆ ಎರಡು ಗಣಿತಗಳು ಮಾತ್ರ ಇನ್ನೂ ಕೂಡಿಬಂದಿಲ್ಲವಂತೆ. ನಮ್ಮತ್ತೆ ಕೂಡಿಸುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳಿಗೂ ಅದು ಗೊತ್ತಾಗದ ಹಾಗೆ ಮಾಡಿದರಲ್ಲ, ಆ ಸಿಟ್ಟು ನಾನು ಸಾಯುವವರೆಗೂ ಇಳಿಯುವುದಿಲ್ಲ.