ಉಡಿ ತುಂಬಿ ಕೆಲಸ ಬಿಡಿಸಿದ ಸಾಹುಕಾರರು

ಇಳಕಲ್ಲಿನ ಪಂಢರೀನಾಥರ ಸೀರೆ ಅಂಗಡಿಯಲ್ಲಿ ನಮ್ಮ ಓಣಿಯ ಕಸ್ತೂರಿಗೆ ಕೆಲಸ. ಗುಳೇದಗುಡ್ಡದಲ್ಲಿ ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವಳು. ಒಂದು ಸೀರೆ ನೋಡಲು ಬಂದವರಿಗೆ ಮೂರು ಹೊರಿಸಿ ಕಳಿಸುವ ಮಾತುಗಾತಿ. ಆ ಕೆಲಸವೆಂದರೆ ಅವಳಿಗೆ ಜೀವ. ಗಂಡನ ಕೂಡ ಜಗಳವಾದ ದಿನ ಇನ್ನೂ ಬೇಗ ಅಂಗಡಿಗೆ ಹೋಗುತ್ತಿದ್ದಳು.

ಅವಳು ಬಸುರಿಯಾಗಿ ಏಳು ತಿಂಗಳಾಗುತ್ತಲೇ ಸಾಹುಕಾರರ ರಾಗ ಬದಲಾಯಿತು. "ಇನ್ನ ಮನ್ಯಾಗ ಆರಾಮ ಇರವಾ. ನಾಳಿಯಿಂದ ಬರಬ್ಯಾಡ. ಮುಂದ ಜಾಗಾ ಇದ್ರ ನೋಡೂಣು," ಎಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಟ್ಟರು! ಬೈದು ಕಳಿಸಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಳುತ್ತ ಕೂತ ಕಸ್ತೂರಿಯನ್ನು ಎಬ್ಬಿಸಿದವಳು ಆಶಾ ಕಾರ್ಯಕರ್ತೆ ಖುಶನುಮಾ. "ಬಸುರಿ ಅಂತ ಕೆಲಸದಿಂದ ತಗಿಯೂ ಹಂಗಿಲ್ಲ, ಕಾನೂನೈತಿ. ಹತ್ತು-ಹನ್ನೆರಡು ಮಂದಿ ದುಡಿಯೂ ಅಂಗಡ್ಯಾಗ ಹೆರಿಗಿ ರಜಾಕ್ಕ ಪಗಾರಾನೂ ಕೊಡಬೇಕು. ನಡಿ ಬಾಗಲಕೋಟಿಗೆ!" ಇಬ್ಬರೂ ಹೋಗಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು.

ವಿಚಾರಣೆ ಶನಿವಾರ ಬಂತು. ಅದು ಮುಗಿದ ಮೇಲೆ ತುಳಸಿಗೇರಿ ಹನುಮಪ್ಪನ ದರ್ಶನ ಮಾಡೋಣವೆಂದು ಪಂಢರೀನಾಥರು ಹೆಂಡತಿ ವಿಮಲಾಬಾಯಿಯನ್ನೂ ಕರೆತಂದಿದ್ದರು. ನಾನೂ ಕಸ್ತೂರಿಯ ಜೊತೆ ಹೋಗಿದ್ದೆ.

"ಯಾಕ ತೆಗದ್ರಿ?" ಅಧಿಕಾರಿ ಮೇಡಂ ಕೇಳಿದರು.

"ವ್ಯಾಪಾರ ಇಲ್ರಿ. ಆಕಿ ಬಸುರಿ ಅನ್ನೂದು ನನಗ ಗೊತ್ತಽ ಇದ್ದಿಲ್ಲ. ದಪ್ಪ ಆಗ್ಯಾಳಂತ ತಿಳಕೊಂಡಿದ್ನಿ."

ವಿಮಲಾಬಾಯಿಗೆ ತಡೆಯಲಾಗಲಿಲ್ಲ. "ಅಯ್ಯ, ಹನುಮಪ್ಪನ ಕಡೆ ಹೊಂಟೇವಿ, ಸುಳ್ಳ್ಯಾಕ ಹೇಳ್ತೀರಿ? ಅಂಗಡ್ಯಾಗಽ ಹಸರ ಖಣ ಇಟ್ಟು ನಾ ಆಕಿ ಉಡಿ ತುಂಬಲಿಲ್ಲೇನು? ಬಸುರಿ ಹೆಂಗಸು, ಬರೇ ಉಡೀಲೆ ಮನಿಗೆ ಕಳಸಬಾರದು ಅಂದವರು ನೀವಽ ಅಲ್ಲೇನ್ರಿ?"

ಕಚೇರಿಯೆಲ್ಲ ಘೊಳ್ಳೆಂದಿತು. ಪಾಪ, ಶಾಸ್ತ್ರ ಬಿಡಬಾರದೆಂದು ಹೋಗಿ ತಾವೇ ಸಿಕ್ಕಿಬಿದ್ದಿದ್ದರು. ಮೇಡಂ ನಗು ತಡೆದುಕೊಂಡು, ಕೆಲಸಕ್ಕೆ ವಾಪಸ್ ತಗೊಳ್ಳಬೇಕು, ಹೆರಿಗೆ ರಜೆಯ ಪಗಾರ ಕೊಡಬೇಕು, ರಜೆ ಮುಗಿದ ಮೇಲೂ ಅದೇ ಕೆಲಸ ಇರಬೇಕು ಎಂದು ಖಡಾಖಡಿ ಹೇಳಿದರು.

"ಆತ್ರಿ," ಎಂದರು ಪಂಢರೀನಾಥರು ತಲೆ ಕೆರೆಯುತ್ತ. "ಸೋಮವಾರ ಬಾರವಾ, ಕಸ್ತೂರಿ."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೋಮವಾರ ಯಾಕ್ರಿ ಸಾಹುಕಾರ್ರ? ನಾಳೆ ಆಯಿತವಾರ, ಲಗ್ನದ ಗಿರಾಕಿ ಬರೂ ದಿನಾ. ನಾ ನಾಳೇನಽ ಬರ್ತೇನಿ."