ಬೆನಿಲ್ಡೆ ಬಿಟ್ಟ ಶಿಲುಬೆ

ನನ್ನ ಅಕ್ಕ ಬೆನಿಲ್ಡೆ ನಮ್ಮೂರಿನ ಸೈತಾನರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಪರಮಪ್ರಸಾದದ ಹಬ್ಬದ ದಿನ ಗಂಡಸರು ಕೆಂಪಂಗಿ ತೊಟ್ಟು, ಕೊಂಬಿನ ಮುಖವಾಡ ಹಾಕಿ ಬೀದಿಯೆಲ್ಲ ಕುಣಿದು, ಕೊನೆಗೆ ಚರ್ಚಿನ ಬಾಗಿಲಲ್ಲಿ ಮಂಡಿಯೂರಿ ಸೋಲೊಪ್ಪಬೇಕು. ಕುಣಿಯುವಾಗ ನಿಜವಾದವನು ಮೈಮೇಲೆ ಬರಬಾರದೆಂದು ಪ್ರತಿ ಅಂಗಿಯೊಳಗೂ ತಾಳೆಗರಿಯ ಪುಟ್ಟ ಶಿಲುಬೆ ಇರುತ್ತದೆ. ಅದನ್ನು ಹೊಲಿಯುವುದು ಅಕ್ಕನ ಹಕ್ಕು. ಅವಳು ಗಂಡನನ್ನು ಬಿಟ್ಟಳು, ಚುಟ್ಟಾ ಬಿಟ್ಟಳು, ಮತ್ತೆ ಚುಟ್ಟಾ ಹಿಡಿದಳು. ಆ ಸೂಜಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಆ ವರ್ಷ ಮಾತೆ ಮರಿಯಳ ಬೆಳ್ಳಿ ಕಿರೀಟ ಕಳುವಾಯಿತು. ಸೈತಾನರ ಮುಖಂಡ, ನಾಲ್ಕು ಕೊಂಬಿನ ಕ್ರಿಸಾಂತೊ, ನಾನು ಚರ್ಚಿನ ಕಿಟಕಿಯಿಂದ ಹಾರಿದ್ದನ್ನು ತಾನು ಕಣ್ಣಾರೆ ಕಂಡೆನೆಂದು ಸಾಕ್ಷಿ ಹೇಳಿದ. ನನ್ನ ಡೊಳ್ಳುಹೊಟ್ಟೆ ನೋಡಿದವರು ಯಾರೂ ಆ ಮಾತು ನಂಬಬಾರದಿತ್ತು. ಪೊಲೀಸರು ನಂಬಿದರು. ಹಬ್ಬದ ಮರುದಿನ ನನ್ನನ್ನು ರಾಜಧಾನಿಯ ಜೈಲಿಗೆ ಸಾಗಿಸುವುದೆಂದಾಯಿತು. ಅಲ್ಲಿಂದ ಮರಳಿದವರನ್ನು ನಾವು ಕಂಡಿರಲಿಲ್ಲ.

ಅಕ್ಕ ಹಲ್ಲು ಕಡಿಯುತ್ತ ಕ್ರಿಸಾಂತೊನ ಅಂಗಿ ಹೊಲಿಯುತ್ತಿದ್ದಾಗ ಬಿಳಿ ಸೂಟಿನವನೊಬ್ಬ ಬಂದನಂತೆ. ಬೀದಿಯೆಲ್ಲ ಧೂಳು, ಅವನ ಬೂಟಿನ ಮೇಲೆ ಒಂದು ಕಣವಿಲ್ಲ. ಕಾಫಿ ಕೇಳಿದ. ಕುದಿಯುತ್ತಿದ್ದುದನ್ನು ಊದದೆ ಗಟಗಟ ಕುಡಿದ. ಹೊಲಿಗೆಯನ್ನು ಬಾಯ್ತುಂಬ ಹೊಗಳಿದ.

"ಅಮ್ಮಾವ್ರೇ, ನಿಮ್ಮ ಸೂಜಿ ದೆಸೆಯಿಂದ ನಂಗೆ ಈ ಊರಲ್ಲಿ ಒಂದ್ಸಲಾನೂ ಕುಣಿಯಕ್ಕಾಗಿಲ್ಲ. ಒಂದೇ ಒಂದು ಅಂಗೀಲಿ ಶಿಲುಬೆ ಬಿಟ್ಬಿಡಿ. ನಿಮ್ಮ ತಮ್ಮ ಹೊರಗೆ ಬರ್ತಾನೆ."

"ಯಾರ ಅಂಗೀಲಿ?"

"ಅದು ನಿಮ್ಮಿಷ್ಟ. ನಾನು ಬಲವಂತ ಮಾಡೋನಲ್ಲ."

ಅಕ್ಕ ಅವನನ್ನು ಪೊರಕೆ ಹಿಡಿದು ಓಡಿಸಿದಳು. ಆಮೇಲೆ ಕೂತು ಕ್ರಿಸಾಂತೊನ ಅಂಗಿಗೆ ಶಿಲುಬೆಯ ಬದಲು ಚಿಂದಿ ಮಡಿಸಿ ಹೊಲಿದಳು, ಬೆರಳಾಡಿಸಿದರೂ ಗೊತ್ತಾಗದ ಹಾಗೆ.

ನನ್ನ ಲಾಕಪ್ಪಿನ ಕಿಟಕಿ ಚರ್ಚಿನ ಮುಂದಿನ ಚೌಕಕ್ಕೇ ತೆರೆಯುತ್ತಿತ್ತು. ಡೋಲು ಬಿದ್ದದ್ದೇ ತಡ, ಮಂಡಿನೋವಿನ ಕ್ರಿಸಾಂತೊ ಚೆಂಡಿನಂತೆ ಪುಟಿದ. ಕಾರಂಜಿ ದಾಟಿದ, ಬಾಲ್ಕನಿಯಲ್ಲಿದ್ದ ಹೆಂಗಸಿನ ಟೋಪಿ ಕಿತ್ತು ಕೆಳಗಿಳಿದ. ನಾಯಿಗಳು ತಾಳಕ್ಕೆ ಬೊಗಳಿದವು. ಕಾವಲಿನ ಸಾರ್ಜೆಂಟ್ ಕುಣಿದ, ಕಂಬಿಯ ಹಿಂದೆ ನಾನೂ ಕುಣಿದೆ. ಕ್ರಿಸಾಂತೊ ಗಿರಗಿರನೆ ತಿರುಗಿದ ರಭಸಕ್ಕೆ ಮುಖವಾಡ ಹಾರಿಬಿತ್ತು. ಅದರೊಳಗಿಂದ ಬೆಳ್ಳಿ ಕಿರೀಟ ಉರುಳಿ ಚರ್ಚಿನ ಮೆಟ್ಟಿಲಿಗೆ ಹೋಗಿ ನಿಂತಿತು. ಒಬ್ಬರ ಮುಖವಾಡ ಇನ್ನೊಬ್ಬರು ಮುಟ್ಟುವಂತಿಲ್ಲ ನಮ್ಮಲ್ಲಿ. ನಮ್ಮ ಮನೆಯ ಹಿಟ್ಟಿನ ಡಬ್ಬಿಯನ್ನೂ ಬಿಡದ ಪೊಲೀಸರು ಮುಖವಾಡದೊಳಗೆ ಇಣುಕಿರಲಿಲ್ಲ. ಸಾರ್ಜೆಂಟೇ ನನ್ನ ಬೀಗ ತೆಗೆದ.

ಕ್ರಿಸಾಂತೊ ಮಾತ್ರ ನಿಲ್ಲಲಿಲ್ಲ. ಮೂಗಿನಿಂದ ರಕ್ತ, ಮೇಲೆ ಸಿಕ್ಕಿಕೊಂಡ ಕಣ್ಣುಗುಡ್ಡೆ, ತನ್ನದಲ್ಲದ ದನಿಯಲ್ಲಿ ನಗು. ಕಳ್ಳನಿಗೆ ತಕ್ಕ ಶಾಸ್ತಿಯೆಂದು ಜನ ಚಪ್ಪಾಳೆ ಹೊಡೆದರು. ಇನ್ನು ಸ್ವಲ್ಪ ಹೊತ್ತಿಗೆ ಅವನು ಸಾಯುತ್ತಿದ್ದ. ಅಕ್ಕ ಸುಮ್ಮನಿದ್ದರೆ ಸಾಕಿತ್ತು: ತಮ್ಮ ಹೊರಗೆ ಬಂದಿದ್ದ, ಸೂಜಿಯೂ ಅವಳ ಕೈಯಲ್ಲೇ ಉಳಿಯುತ್ತಿತ್ತು. ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಒಂದು ಕೊಳಕು ಬೈಗುಳ ಬೈದು, ತನ್ನ ರವಿಕೆಯೊಳಗೆ ಹೊಲಿದುಕೊಂಡಿದ್ದ ಶಿಲುಬೆಯನ್ನೇ ಹರಿದುಕೊಂಡು, ಹೆಂಗಸರು ಕಾಲಿಡಬಾರದ ಆ ಕೊಂಬುಗಳ ನಡುವೆ ನುಗ್ಗಿದಳು.

"ಶಿಲುಬೆ ಬಿಟ್ಟೋಳು ನಾನೇ. ಬೇಕಂತಲೇ ಬಿಟ್ಟೆ," ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಅದನ್ನು ಅವನ ಕೊರಳಪಟ್ಟಿಯೊಳಗೆ ತುರುಕಿದಳು.

ಅವನು ಮೂಟೆಯಂತೆ ಬಿದ್ದು ಗೊರಕೆ ಹೊಡೆದ. ಒಳಗಿದ್ದವನು ಶಿಲುಬೆಯಿಲ್ಲದ ಅಕ್ಕನ ಮೈಗೆ ಹಾರಿದ. ಕೂದಲು ನೆರೆತ ನನ್ನಕ್ಕ ಲಂಗ ಎತ್ತಿಕಟ್ಟಿ, ಕಿಲಕಿಲ ನಗುತ್ತ ಚೌಕವನ್ನೆಲ್ಲ ಸುತ್ತಿದಳು. ಆದರೆ ಕೊನೆಗೆ ಚರ್ಚಿನ ಬಾಗಿಲಲ್ಲಿ, ಎಲ್ಲರಿಗಿಂತ ಮೊದಲು, ಮೈಮೇಲಿದ್ದವನನ್ನೂ ಬಗ್ಗಿಸಿಕೊಂಡು ಮಂಡಿಯೂರಿದಳು. ಎದ್ದಾಗ ಅವಳು ಬರೀ ಬೆನಿಲ್ಡೆಯಾಗಿದ್ದಳು, ಬಾಯಾರಿದ್ದಳು.

ಊರವರು ಸೂಜಿ ಕಿತ್ತುಕೊಂಡರು. ಆವತ್ತು ಅವಳು ಅತ್ತಷ್ಟು ಗಂಡ ಹೋದಾಗಲೂ ಅತ್ತಿರಲಿಲ್ಲ.

ಈಗ ಪ್ರತಿ ಹಬ್ಬಕ್ಕೂ ಅವಳ ರವಿಕೆಗೆ ನಾನೇ, ಬೆರಳು ಚುಚ್ಚಿಸಿಕೊಂಡು, ಶಿಲುಬೆ ಹೊಲಿಯುತ್ತೇನೆ. ಡೋಲು ಬೀಳುವ ಮೊದಲು ಅವಳು ಅದನ್ನು ಬಿಚ್ಚಿ ನನ್ನ ಕೈಗಿಟ್ಟು ಚೌಕಕ್ಕೆ ಕುಣಿಯಲು ಹೊರಡುತ್ತಾಳೆ.

"ಇಟ್ಕೊಂಡಿರೋ. ಅವನ ಮಂಡಿ ಊರಿಸಿ ವಾಪಸ್ ಬರ್ತೀನಿ."