ಯೋಶಿಕೊ ಅತ್ತಿಗೆಯ ಕೆರೆ

ಯಾರ ಮನೆಗೆ ಹೋದರೂ ಯೋಶಿಕೊ ಅತ್ತಿಗೆ ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಮೂಗು ಮುರಿಯುತ್ತಿದ್ದರು. ಕಗ್ಗದಾಸಪುರದ ನಮ್ಮ ಚಿಕ್ಕಪ್ಪ ಹೊಸ ಮನೆಯಲ್ಲಿ ಹಿಮದ ಬೆಟ್ಟದ ದೊಡ್ಡ ಚಿತ್ರ ಹಾಕಿಸಿ, "ನಿಮ್ಮೂರದ್ದೇ ಅಮ್ಮಾ, ನಿಮಗೋಸ್ಕರ," ಎಂದರು.

"ನಮ್ಮೂರಲ್ಲಿ ಇದು ಬಿಸ್ಕತ್ ಡಬ್ಬಿ ಮೇಲೆ ಇರುತ್ತೆ," ಎಂದರು ಅತ್ತಿಗೆ.

ಅತ್ತಿಗೆ ಜಪಾನಿನವರು. ಅಣ್ಣನನ್ನು ಮದುವೆಯಾಗಿ ಬಂದು, ಹಲಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮರದ ಹಲಗೆಯಲ್ಲಿ ಚಿತ್ರ ಕೆತ್ತುತ್ತಿದ್ದರು. ಅದಕ್ಕೆ ಬಣ್ಣ ಬಳಿದು, ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆಯಿಂದ ಉಜ್ಜಿ ಒಂದೊಂದೇ ಪ್ರತಿ ತೆಗೆಯುತ್ತಿದ್ದರು. ಗೆರೆ ಕೂದಲಷ್ಟು ಜರುಗಿದರೂ ಹರಿದು ಕಸಕ್ಕೆ. ಪ್ರತಿಗಳು ಸಾಕೆನಿಸಿದ ದಿನ ಬಡಗಿಯ ಉಜ್ಜುಗೊರಡು ಹಿಡಿದು ಹಲಗೆಯನ್ನೇ ನುಣ್ಣಗೆ ಮಾಡಿಬಿಡುತ್ತಿದ್ದರು. ಇನ್ನು ಆ ಚಿತ್ರವನ್ನು ಯಾರೂ ಅಚ್ಚು ಹಾಕುವಂತಿಲ್ಲ. "ಕೆಟ್ಟ ಕೈ ಮುಟ್ಟಬಾರದು," ಎನ್ನುತ್ತಿದ್ದರು. ಅವರ ಪ್ರಕಾರ ಅವರದೊಂದು ಬಿಟ್ಟು ಎಲ್ಲವೂ ಕೆಟ್ಟ ಕೈ.

ಇಂದಿರಾನಗರದಲ್ಲಿ ಅವರ ಚಿತ್ರ ಮಾರುವವನೊಬ್ಬನಿದ್ದ. ಚಿತ್ರದ ಮುಂದೆ ನಿಂತು ಫೋನ್ ನೋಡುವ ಆಸಾಮಿ. ಅತ್ತಿಗೆಯ ಹಲಸೂರು ಕೆರೆ ಚಿತ್ರ ನೋಡಿ, "ಮೇಡಂ, ನೀರಲ್ಲಿ ಸ್ವಲ್ಪ ಚೆರ್ರಿ ಹೂವು ತೇಲಿಸಿ, ಜಪಾನ್ ಫೀಲ್ ಬರುತ್ತೆ," ಎಂದ.

"ಈ ಕೆರೇಲಿ ಚಪ್ಪಲಿ ತೇಲುತ್ತೆ. ಬೇಕಾ?"

ಅತ್ತಿಗೆ ಹಾಸಿಗೆ ಹಿಡಿದಾಗ ಅವನು ಹಣ್ಣಿನ ಬುಟ್ಟಿ ಹಿಡಿದು ಬಂದು ಹಜಾರದಲ್ಲಿ ಅಣ್ಣನ ಹತ್ತಿರ ಕೂತ. "ಕೆರೆ ಹಲಗೆ ಕೊಟ್ಬಿಡಿ ಸಾರ್. ಮೇಡಂ ಹೋದ್ಮೇಲೂ ನಮ್ಮೋರು ಪ್ರಿಂಟ್ ಹಾಕ್ತಾ ಇರ್ತಾರೆ. ಹೆಸರು ಮೇಡಂದೇ." ಉಸಿರಾಡುತ್ತಿರುವವರ ಮನೆಯಲ್ಲಿ ಕೂತು ಹೀಗನ್ನಲು ಎಂಥ ನಾಲಿಗೆ ಬೇಕೋ. ಅಣ್ಣನೂ ಬೇಡವೆನ್ನಲಿಲ್ಲ. "ಅವಳದ್ದು ಅಂತ ಏನಾದ್ರೂ ಉಳೀಲಿ. ನಾಳೆ ಬನ್ನಿ," ಎಂದ.

ಒಳಗೆ ಅತ್ತಿಗೆಗೆ ಎಲ್ಲ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಅಣ್ಣ ಔಷಧಿ ತರಲು ಹೋದ ಕೂಡಲೇ ನನ್ನನ್ನು ಕರೆದರು.

"ಉಜ್ಜುಗೊರಡು ತಗೊಂಬಾ. ನನ್ನ ಕೈಲಿ ಆಗಲ್ಲ."

"ನಂದೂ ಕೆಟ್ಟ ಕೈ ಅಲ್ವಾ, ಅತ್ತಿಗೆ?"

"ಹೌದು. ಅಳಿಸೋಕೆ ಸಾಕು."

ಮಂಚದ ಪಕ್ಕ ನೆಲದಲ್ಲಿ ಕೆರೆ ಹಲಗೆಯಿಟ್ಟು ಉಜ್ಜಿದೆ. ಮೆಟ್ಟಿಲು ಹೋಯಿತು, ದೋಣಿ ಹೋಯಿತು. ಅವರ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ಈ ಕೆರೆಯೊಂದೇ. ಕಣ್ಣೊರೆಸಿಕೊಂಡೆ.

"ಅಳೋದಾದ್ರೆ ಆಚೆ ಹೋಗಿ ಅಳು. ಮರ ಒದ್ದೆ ಆಗುತ್ತೆ."

ಮುಗಿಯಿತೆಂದು ಹಲಗೆಯನ್ನು ಅವರ ಪಕ್ಕದಲ್ಲಿಟ್ಟೆ. ಕಣ್ಣು ಮುಚ್ಚಿ ಬೆರಳಾಡಿಸಿದರು. ಬೆರಳು ಒಂದು ಮೂಲೆಯಲ್ಲಿ ನಿಂತಿತು.

"ಇಲ್ಲಿ ಕೊಕ್ಕರೆ ಕಾಲು ಉಳಿದಿದೆ. ಏನ್ ಕೆಲಸ ಮಾಡ್ತೀಯ ನೀನು."

ಅತ್ತಿಗೆ ನನ್ನೊಡನೆ ಆಡಿದ ಕೊನೆಯ ಮಾತು ಅದು. ಆ ಕಾಲನ್ನೂ ತೆಗೆದೆ.